ಅಚ್ಚು ತೆಗೆದ ಕೈ ಬೀಡಿ ಕಟ್ಟಲ್ಲ

ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟು 11 ವರ್ಷ ಆಯ್ತು. ಈಗಲೂ ಟಿವಿ ನೋಡುವಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಲೇ ಇರುತ್ತದೆ. ಕೇಳಿದರೆ, "ಹೌದಾ? ನಂಗೆ ಗೊತ್ತೇ ಇಲ್ಲ ಮಾರಾಯ್ತಿ" ಅಂತಾರೆ.

ನಾನು ಶಿಲ್ಪ ಕಲಿತವಳು. ಮೊದಲು ಹೊಳೆದದ್ದು ಆ ಕೈಯ ಅಚ್ಚು ತೆಗೆಯೋಣ ಅಂತ. ಹಲ್ಲಿನ ಡಾಕ್ಟರು ಬಳಸುವ ಆಲ್ಜಿನೇಟ್ ಪುಡಿ ತಂದೆ. ನೀರಲ್ಲಿ ಕಲಸಿದರೆ ಕೆಲವೇ ನಿಮಿಷಕ್ಕೆ ರಬ್ಬರ್ ಥರ ಆಗುತ್ತದೆ, ಕೈ ಹೊರಗೆಳೆದು ಆ ಪೊಳ್ಳಿಗೆ ಪ್ಲಾಸ್ಟರ್ ಹುಯ್ಯಬೇಕು. (ಪ್ಲಾಸ್ಟರಿನೊಳಗೇ ನೇರ ಕೈ ಇಡಿಸಬೇಡಿ, ಗಟ್ಟಿಯಾಗುವಾಗ ಅದು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ.) ನೀರು ಬಿಸಿ ಇದ್ದಷ್ಟೂ ಆಲ್ಜಿನೇಟ್ ಬೇಗ ಗಟ್ಟಿ. ಇದು ಗೊತ್ತಿದ್ದೂ ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರು ಹಾಕಿದೆ. ಅಮ್ಮ ಬಳೆ ತೆಗೆದು ಬರುವಷ್ಟರಲ್ಲಿ ಪಾತ್ರೆಯಲ್ಲಿ ಇಡ್ಲಿ ರೆಡಿ!

ಎರಡನೇ ಸಲ ಫ್ರಿಜ್ ನೀರಲ್ಲಿ ಚೆನ್ನಾಗಿ ಬಂತು. ಕತ್ತರಿ ಹಿಡಿದು ಹಿಡಿದು ಕಟ್ಟಿದ ಜಡ್ಡೂ ಬಂತು. ಅಮ್ಮ ಮಾತ್ರ ಮೂಗು ಮುರಿದರು. "ಈ ಕೈ ಎಂತ ಮಾಡ್ತಾ ಉಂಟು?"

ಆಗ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ 1998ರ ಕೆಲಸ ನೆನಪಾಯಿತು. ಸೂಜಿಗಳಲ್ಲಿ ಉದ್ದುದ್ದ ದಾರ ಪೋಣಿಸಿ, ಕುಂಕುಮ ಬಳಿದು, ಹಗ್ಗದ ಹಾಗೆ ಮಾಡಿದ್ದು. ಅದರಲ್ಲಿ ಮನುಷ್ಯರ ಮೈ ಎಲ್ಲೂ ಇಲ್ಲ, ಆದರೂ ಅಷ್ಟು ದಾರ ಎಳೆದ ಕೈಯ ಸುಸ್ತು ನಮಗೇ ತಟ್ಟುತ್ತದೆ ಅಲ್ವಾ. ನಾನು ಸುಮ್ನೆ ಕೈಯ ಆಕಾರದ ಹಿಂದೆ ಬಿದ್ದಿದ್ದೆ.

ಜೇಡಿಮಣ್ಣನ್ನು ತೆಳ್ಳಗೆ ಲಟ್ಟಿಸಿ, ಬೀಡಿ ಎಲೆಯ ಅಳತೆಗೆ ಕತ್ತರಿಸಿ ಅಮ್ಮನಿಗೆ ಕೊಟ್ಟೆ. ಕೈ ಓಡಲೇ ಇಲ್ಲ. "ಮೊರ ಕೊಡು" ಅಂದರು. ಮಡಿಲಿಗೆ ಮೊರ ಬಂದದ್ದೇ ತಡ, ಒಂದು ಮಂಡಿ ತಾನಾಗಿ ಸ್ವಲ್ಪ ಮೇಲೆದ್ದಿತು, ಬೆನ್ನು ಬಾಗಿತು, ಹೊಗೆಸೊಪ್ಪು ಇಲ್ಲದಿದ್ದರೂ ಚಿಟಿಕೆ ಉದುರಿಸಿದ ಹಾಗೆ ಬೆರಳಾಡಿಸಿ, ಸುತ್ತಿ, ಉಗುರಿನಿಂದ ಬಾಯಿ ಮಡಚಿ ಪಕ್ಕಕ್ಕಿಟ್ಟರು. ಮತ್ತೊಂದು. ಮತ್ತೊಂದು. ಎಲ್ಲದರ ಮೇಲೂ ಹೆಬ್ಬೆರಳ ಗುರುತು, ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಒಣಗಿಸಿ ಸುಡುವಾಗ ಕೆಲವು ಒಡೆದವು, ಅವನ್ನೂ ಪ್ರದರ್ಶನದಲ್ಲಿ ನೆಲದ ಮೇಲೇ ಇಟ್ಟೆ.

ಎಷ್ಟು ಬೇಕು ಅಂತ ನಾನು ಹೇಳಿರಲಿಲ್ಲ. ಸಂಜೆ ಬಂದು ನೋಡಿದರೆ 25 25ರ ಗುಂಪು ಮಾಡಿಟ್ಟಿದ್ದರು. ಕೊನೆಯದರಲ್ಲಿ 19 ಇತ್ತು. ಇನ್ನು ಆರಕ್ಕೆ ಮಣ್ಣು ಉಂಟಾ ಅಂತ ಕೇಳಿದರು.