ಎಡಗೈಯಲ್ಲಿ ಬರೆದ ಪುಟಗಳು

ನನ್ನ ಬಲ ಮಣಿಕಟ್ಟು ಮುರಿದದ್ದು ಕೊನೆಯ ಮೆಟ್ಟಿಲಿನಲ್ಲಿ. ಒದ್ದೆಯಾಗಿತ್ತು, ಕಾಲು ಜಾರಿತು, ಬೀಳುವವರೆಲ್ಲ ಮಾಡುವಂತೆ ಕೈಯನ್ನು ಮುಂದೆ ಚಾಚಿದೆ. ಮೈಯ ಭಾರವೆಲ್ಲ ಅಂಗೈ ಮೇಲೆ ಬಿತ್ತು. ಮುಂಗೈಯಲ್ಲಿರುವ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು ಮಣಿಕಟ್ಟಿನ ಬಳಿ ಮುರಿದಿತ್ತು. ಅಂಗೈ ಊರಿ ಬಿದ್ದವರಲ್ಲಿ ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಇದೇ ಮೂಳೆ ಎಂದು ವೈದ್ಯರು ಹೇಳಿ, 6 ವಾರಗಳ ಪ್ಲಾಸ್ಟರ್ ಹಾಕಿದರು.

ಅದಕ್ಕೆ ಸುಮಾರು ಒಂದು ವರ್ಷ ಮೊದಲು ನಾನು ಕೃತಜ್ಞತೆಯ ದಿನಚರಿಯೊಂದನ್ನು ಬರೆಯಲು ಹೊರಟು ಕೈಬಿಟ್ಟಿದ್ದೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಬಗ್ಗೆ ಓದಿದ್ದೇ ಅದಕ್ಕೆ ಪ್ರೇರಣೆ. ಅವರು ಒಂದು ಗುಂಪಿಗೆ ವಾರಕ್ಕೊಮ್ಮೆ, ತಮಗೆ ಕೃತಜ್ಞತೆ ಹುಟ್ಟಿಸಿದ 5 ಸಂಗತಿಗಳವರೆಗೆ ಬರೆಯಲು ಹೇಳಿದರು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು, ಮತ್ತೊಂದು ಸುಮ್ಮನೆ ನಡೆದದ್ದನ್ನು ಬರೆಯಿತು. 10 ವಾರಗಳ ಬಳಿಕ ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಮಾತನಾಡಿದರು. ನಾನೂ ಬರೆದೆ: ಆರೋಗ್ಯ, ಮನೆ, ಮಗ, ಕೆಲಸ, ಸ್ನೇಹಿತರು. ಮರುದಿನವೂ ಅವೇ ಐದು. ಮೂರನೆಯ ದಿನ ಕ್ರಮ ಬದಲಾಯಿತು, ಅಷ್ಟೇ. ತರಗತಿಯಲ್ಲಿ ಹಾಜರಿ ಕೂಗಿದಂತೆ ಹೆಸರುಗಳನ್ನು ಕೂಗುತ್ತಿದ್ದೆ, ಒಳಗಿನಿಂದ ಯಾರೂ ಓಗೊಡುತ್ತಿರಲಿಲ್ಲ. ಮೂರು ವಾರಕ್ಕೆ ಪುಸ್ತಕ ಕಪಾಟು ಸೇರಿತು. ಕೃತಜ್ಞತೆ ನನ್ನ ಸ್ವಭಾವದಲ್ಲೇ ಇಲ್ಲವೇನೋ ಎಂದು ಆಗ ನಿಜವಾಗಿಯೂ ಬೇಸರಪಟ್ಟಿದ್ದೆ.

ಪ್ಲಾಸ್ಟರ್ ಹಾಕಿದ ಮೂರನೆಯ ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಕುಳಿತೆ. ಬಲಗೈಯ ಬೆರಳುಗಳು ಪ್ಲಾಸ್ಟರಿನ ಹೊರಗಿದ್ದವು ನಿಜ, ಆದರೆ ಊದಿಕೊಂಡು ಮಡಚಲು ಬರುತ್ತಿರಲಿಲ್ಲ. ಎಡಗೈ ಒಂದರಲ್ಲೇ ಆಗಬೇಕಿತ್ತು. ನಲವತ್ತು ವರ್ಷ ನಾನು ಗುಂಡಿ ಹಾಕಿದ್ದೇನೆ, ಹೇಗೆ ಹಾಕುತ್ತೇನೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಒಂದು ಕೈ ಗುಂಡಿಯನ್ನು ಓರೆ ಮಾಡಿ ಕಾಜಾದ ಬಾಯಿಗೆ ತರುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಕೈ ಕಾಜಾದ ಅಂಚನ್ನು ಬಿಗಿಹಿಡಿದು ಗುಂಡಿಯ ಮೇಲೆ ಎಳೆಯುತ್ತದೆ. ಹಾಕುವುದು ಒಂದು ಕೈ, ತೊಡಿಸುವುದು ಇನ್ನೊಂದು. ಈಗ ತೋರುಬೆರಳು ಮತ್ತು ನಡುಬೆರಳಿನ ನಡುವೆ ಬಟ್ಟೆಯನ್ನು ಕಚ್ಚಿ ಹಿಡಿದು, ಹೆಬ್ಬೆರಳಿನ ತುದಿಯಿಂದ ಗುಂಡಿಯನ್ನು ನೂಕಿದೆ. ಅರ್ಧ ಒಳಗೆ ಹೋಗಿ ನಿಂತಿತು. ಇನ್ನಷ್ಟು ನೂಕಿದರೆ ಬಟ್ಟೆಯೇ ಜಾರಿತು. ಗುಂಡಿ ಹೊರಗೆ ಬಂದು ಮತ್ತೆ ಮೊದಲಿನಿಂದ. ಐದು ಗುಂಡಿ ಮುಗಿಯುವಷ್ಟರಲ್ಲಿ ಹಣೆಯಲ್ಲಿ ಬೆವರಿತ್ತು. ಕೊನೆಯದು ಕೂತಾಗ ನಾನು ಸುಮ್ಮನೆ ಮಂಚದ ಅಂಚಿನಲ್ಲಿ ಕುಳಿತು ಬಲಗೈಯನ್ನು ನೋಡಿದೆ. ಒಂದು ಕೈಯಲ್ಲಿ 27 ಮೂಳೆಗಳು. ಬೆರಳುಗಳ ಒಳಗೆ ಅವನ್ನು ಆಡಿಸುವ ಸ್ನಾಯುಗಳೇ ಇಲ್ಲ, ಅವು ಅಂಗೈಯಲ್ಲಿ ಮತ್ತು ಮುಂಗೈಯಲ್ಲಿವೆ, ಅಲ್ಲಿಂದ ಹೊರಟ ದಾರದಂಥ ನಾರುಗಳು ಬೆರಳನ್ನು ಎಳೆಯುತ್ತವೆ. ಇಷ್ಟೆಲ್ಲ ಪ್ರತಿದಿನ ನನಗಾಗಿ ನಡೆದಿತ್ತು, ಒಂದು ದಿನವೂ ನಾನು ತಿರುಗಿ ನೋಡಿರಲಿಲ್ಲ.

ಆ ರಾತ್ರಿ ಕಪಾಟಿನಿಂದ ಹಳೆಯ ಪುಸ್ತಕವನ್ನು ತೆಗೆದೆ. ಮೊದಲಿನಂತೆ ಪುಟದ ಮೇಲ್ಗಡೆ 'ಕೃತಜ್ಞತೆ' ಎಂದು ಬರೆಯಬೇಕೆಂದುಕೊಂಡೆ. ಎಡಗೈಯಲ್ಲಿ ಕನ್ನಡ ಬರೆದು ನೋಡಿದವರಿಗೆ ಗೊತ್ತು, ನಮ್ಮ ಅಕ್ಷರಗಳ ದುಂಡು ಆ ಕೈಗೆ ಹೇಗೆ ಅಪರಿಚಿತವೆಂದು. 'ಕೃ' ಹೇಗೋ ಆಯಿತು. 'ತ' ವಾಲಿತು. 'ಜ್ಞ'ಕ್ಕೆ ಬಂದಾಗ ಪೆನ್ನು ಪೂರಾ ನಿಂತಿತು. ಮೂರು ಸಲ ಪ್ರಯತ್ನಿಸಿ ಆ ಪದವನ್ನೇ ಬಿಟ್ಟೆ. ಕೆಳಗೆ, ಮಗುವಿನಂತೆ ದೊಡ್ಡ ಅಕ್ಷರಗಳಲ್ಲಿ ಬರೆದೆ: 'ಐದೂ ಗುಂಡಿ ಹಾಕಿದೆ.'

ನನ್ನ ಪ್ರಯತ್ನಕ್ಕೆ ಜೀವ ಬಂದದ್ದು ಆ ಸಾಲಿನಿಂದ. ಎಡಗೈಗೆ ದಿನಕ್ಕೆ ಒಂದು ಸಾಲಿಗಿಂತ ಹೆಚ್ಚು ಶಕ್ತಿ ಇರಲಿಲ್ಲ. ಐದು ಸಂಗತಿಗಳ ಪಟ್ಟಿ ಮಾಡುವ ಪ್ರಶ್ನೆಯೇ ಏಳಲಿಲ್ಲ. ಬರೆಯಲು ಒಂದೇ ಸಾಲು ಸಿಗುತ್ತದೆಂದಾಗ ಯಾವುದನ್ನು ಬರೆಯಲಿ ಎಂದು ಇಡೀ ದಿನ ಕಣ್ಣು ಹುಡುಕತೊಡಗಿತು. 'ಆರೋಗ್ಯ' ಎಂಬಂಥ ದೊಡ್ಡ ಮಾತಿಗೆ ಆ ಸಾಲನ್ನು ವ್ಯರ್ಥ ಮಾಡಲು ಮನಸ್ಸಾಗಲಿಲ್ಲ. ಮೊದಲ ವಾರದ ಸಾಲುಗಳು ಹೀಗಿವೆ: 'ಕಿಟಕಿಯ ಬಿಸಿಲು ಪ್ಲಾಸ್ಟರ್ ಮೇಲೆ, ಬೆಚ್ಚಗೆ.' 'ಬಸ್ಸಿನಲ್ಲಿ ಯಾರೋ ಎದ್ದು ನಿಂತರು, ಮುಖ ನೋಡಲಿಲ್ಲ.' 'ಬಾಟಲಿಯ ಮುಚ್ಚಳ ಸುಲಭವಾಗಿ ಬಂತು.' 'ಮಧ್ಯಾಹ್ನ ತುರಿಕೆ ಇರಲಿಲ್ಲ.' 'ಮುಚ್ಚಳ ಇಂದೂ ಸುಲಭ.'

ಮುಚ್ಚಳದ ಸಾಲು ಎರಡನೆಯ ವಾರದಲ್ಲಿ ಮತ್ತೆ ಬಂತು. ಪುಟ ತಿರುವಿ ನೋಡಿದರೆ ಒಟ್ಟು ಮೂರು ಸಲ. ಆಗ ಅನುಮಾನ ಬಂತು. ಆ ಬಾಟಲಿಯ ಮುಚ್ಚಳ ಯಾವಾಗಲೂ ಬಿಗಿ, ಎರಡು ಕೈಯಿದ್ದಾಗಲೂ ಒಮ್ಮೆ ಹಲ್ಲು ಕಚ್ಚಿ ತಿರುಗಿಸಬೇಕಿತ್ತು. ಅದೇಕೆ ಈಗ ಸುಲಭ?

ಆ ರಾತ್ರಿ ದೀಪ ಆರಿಸಿ, ಬಾಗಿಲು ಅರ್ಧ ತೆರೆದು ಮಲಗಿದೆ. ಹನ್ನೆರಡು ವರ್ಷದ ಮಗ ಓದು ಮುಗಿಸಿ ಅಡುಗೆಮನೆಗೆ ಹೋದ. ತಾನು ನೀರು ಕುಡಿದ. ಆಮೇಲೆ ನನ್ನ ಬಾಟಲಿಯನ್ನು ತುಂಬಿಸಿ, ಮುಚ್ಚಳವನ್ನು ಪೂರ್ತಿ ತಿರುಗಿಸಿ, ಮತ್ತೆ ಅರ್ಧ ಸುತ್ತು ಸಡಿಲ ಮಾಡಿ, ಬಿದ್ದುಹೋಗುವುದಿಲ್ಲವೇ ಎಂದು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ನನ್ನ ಮೇಜಿನ ಮೇಲೆ ಇಟ್ಟ. ಬಚ್ಚಲುಮನೆಗೆ ಹೋಗಿ ಟೂತ್‌ಪೇಸ್ಟಿನ ಮುಚ್ಚಳಕ್ಕೂ ಹಾಗೆಯೇ ಮಾಡಿದ. ಯಾರಿಗೂ ಏನೂ ಹೇಳದೆ ಹೋಗಿ ಮಲಗಿದ. ನಾನು ಬಹಳ ಹೊತ್ತು ಕತ್ತಲನ್ನು ನೋಡುತ್ತಾ ಎಚ್ಚರವಾಗಿದ್ದೆ.

ಮರುದಿನ ಕೇಳಿದಾಗ ಅವನು ಸಂಕೋಚದಿಂದ ಹೇಳಿದ: 'ಮೊದಲ ದಿನ ನೀವು ಹಲ್ಲಿನಿಂದ ಕಚ್ಚಿ ತೆರೆದದ್ದನ್ನು ನೋಡಿದೆ, ಅದಕ್ಕೆ.'

ಆ ದಿನ ನಾನು ಬರೆಯಲಾಗದೆ ಬಿಟ್ಟ ಪದದ ಅರ್ಥ ನನಗೆ ತೆರೆದುಕೊಂಡಿತು. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ಬಲ್ಲವನು. ಮಾಡಿದ್ದನ್ನು ಬಲ್ಲವನೇ ಕೃತಜ್ಞ. ಆ ಪದದಲ್ಲಿ ಸಂತೋಷವಿಲ್ಲ, ಧನ್ಯವಾದವಿಲ್ಲ, ಇರುವುದು ತಿಳಿವು ಮಾತ್ರ. ಮಾಡಿದ್ದೇನೆಂದು ತಿಳಿಯದೆಯೇ ನಾನು ಹಿಂದಿನ ವರ್ಷ ಭಾವನೆಯನ್ನು ಬರಿಸಿಕೊಳ್ಳಲು ಕುಳಿತಿದ್ದೆ. 'ಮಗ' ಎಂದು ಇಪ್ಪತ್ತು ದಿನ ಬರೆದಿದ್ದೆ, ಮಗ ಮಾಡಿದ್ದು ಒಂದನ್ನೂ ಬರೆದಿರಲಿಲ್ಲ.

ಅಂದಿನಿಂದ ಪ್ರತಿ ಸಾಲಿನ ಕೆಳಗೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಹೇಗೆ ಆಯಿತು? ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಈ ಪ್ರಶ್ನೆ ಇತ್ತೆಂದು ನನಗೆ ತಿಳಿದದ್ದು ಆಮೇಲೆ. ಒಂದು ವಾರ, ಪ್ರತಿ ರಾತ್ರಿ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿಗಳನ್ನು ಬರೆಯಬೇಕು, ಜೊತೆಗೆ ಪ್ರತಿಯೊಂದೂ ಏಕೆ ನಡೆಯಿತೆಂದು ಬರೆಯಬೇಕು. ಅದರ ಪರಿಣಾಮ 6 ತಿಂಗಳ ನಂತರವೂ ಕಾಣಿಸಿತು. ಈ ಅಭ್ಯಾಸವನ್ನು ಹೇಳಿಕೊಡುವವರು 'ಮೂರು ಸಂಗತಿ' ಎಂಬುದನ್ನು ನೆನಪಿಡುತ್ತಾರೆ, 'ಏಕೆ' ಎಂಬುದನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಅದರ ಜೀವ ಇರುವುದು ಆ 'ಏಕೆ'ಯಲ್ಲೇ. ಬಸ್ಸಿನಲ್ಲಿ ಸೀಟು ಸಿಕ್ಕಿತೆಂದರೆ ಅದು ಅದೃಷ್ಟ. ಏಕೆ ಸಿಕ್ಕಿತೆಂದು ಕೇಳಿದರೆ, ದಿನವಿಡೀ ದುಡಿದು ದಣಿದಿದ್ದರೂ ಎದ್ದು ನಿಂತ ಒಬ್ಬ ಮನುಷ್ಯ ಕಾಣುತ್ತಾನೆ.

ಆರು ವಾರ ಮುಗಿಯಿತು. ಪ್ಲಾಸ್ಟರ್ ತೆಗೆದಾಗ ಕೈ ತೆಳ್ಳಗಾಗಿತ್ತು, ಚರ್ಮ ಒಣಗಿ ಪೊರೆ ಏಳುತ್ತಿತ್ತು, ಮಣಿಕಟ್ಟು ಬಿಗಿದುಕೊಂಡಿತ್ತು. ವ್ಯಾಯಾಮ ಮಾಡಿ ಮಾಡಿ ಅದು ಮತ್ತೆ ತಿರುಗತೊಡಗಿತು. ಎರಡೂ ಕೈಯಲ್ಲಿ ಮೊದಲ ಸಲ ಗುಂಡಿ ಹಾಕಿದ ಬೆಳಿಗ್ಗೆ ಕಣ್ಣು ತುಂಬಿ ಬಂತು. ಹತ್ತು ದಿನ ಕಳೆದ ಮೇಲೆ ಒಂದು ಸಂಜೆ ನೆನಪಾಯಿತು, ಆ ಬೆಳಿಗ್ಗೆ ಗುಂಡಿ ಹಾಕಿದ್ದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಇದು ನನ್ನನ್ನು ಬಹಳ ಕಾಡಿತು. ನನ್ನೊಬ್ಬಳ ದೋಷ ಎಂದುಕೊಂಡಿದ್ದೆ, ಆದರೆ ಕಣ್ಣಿಗೇ ಈ ಗುಣವಿದೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಇದನ್ನು ವಿವರಿಸಿದ್ದರು: ಒಂದು ಚುಕ್ಕೆಯ ಮೇಲೆ ದೃಷ್ಟಿಯನ್ನು ಅಲುಗದಂತೆ ನೆಟ್ಟರೆ, ಸುತ್ತ ಬದಲಾಗದೆ ಇರುವುದೆಲ್ಲ ನಿಧಾನವಾಗಿ ಮಾಸಿ ಮಾಯವಾಗುತ್ತದೆ. ಹಾಗಾಗದಿರಲೆಂದು ನಮ್ಮ ಕಣ್ಣು ನಮಗೆ ತಿಳಿಯದಂತೆ ಸದಾ ಸಣ್ಣಗೆ ಅಲುಗುತ್ತಿರುತ್ತದೆ. ಮನಸ್ಸಿನದೂ ಇದೇ ಕಥೆ. ಅಮೆರಿಕದಲ್ಲಿ ಲಾಟರಿ ಗೆದ್ದವರನ್ನು ಕುರಿತು 1978ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲಿ, ಗೆದ್ದವರು ದಿನನಿತ್ಯದ ಚಿಕ್ಕ ಸಂಗತಿಗಳಲ್ಲಿ ಉಳಿದವರಿಗಿಂತ ಕಡಿಮೆ ಸುಖ ಕಾಣುತ್ತಿದ್ದರು. ಬಂದದ್ದು ದೊಡ್ಡದಾದಷ್ಟೂ ಚಿಕ್ಕದು ಮಾಸುತ್ತದೆ.

ಕಣ್ಣು ಅಲುಗುವಂತೆ ನಾನೂ ಏನಾದರೂ ಅಲುಗಿಸಬೇಕೆಂದು ನಿರ್ಧರಿಸಿದೆ. ಭಾನುವಾರಗಳಂದು ಯಾವುದಾದರೂ ಒಂದು ಕೆಲಸವನ್ನು ಎಡಗೈಯಲ್ಲಿ ಮಾತ್ರ ಮಾಡುತ್ತೇನೆ: ಬೀಗ ತೆಗೆಯುವುದು, ತಲೆ ಬಾಚುವುದು, ಬಟ್ಟೆ ಹಿಂಡುವುದು. ಒಂದೇ ಕೈಯಲ್ಲಿ ಒದ್ದೆ ಬಟ್ಟೆ ಹಿಂಡಿ ನೋಡಿ, ಹಿಂಡುವುದಕ್ಕೆ ಎರಡು ಕೈ ಬೇಕೆಂಬುದು ಎಂಥ ದೊಡ್ಡ ಸತ್ಯ ಎಂದು ತಿಳಿಯುತ್ತದೆ. ಮಿಕ್ಕ ದಿನ ಕಲ್ಪನೆಯಲ್ಲೇ ಒಂದನ್ನು ಕಳೆಯುತ್ತೇನೆ. ಈ ಗೆಳತಿಯ ಪಕ್ಕದ ಮೇಜು ನನಗೆ ಸಿಗದೇ ಇದ್ದಿದ್ದರೆ? ಇದನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. 2008ರ ಅಧ್ಯಯನವೊಂದರಲ್ಲಿ, ಸಂಗಾತಿಯನ್ನು ಭೇಟಿಯಾಗದೇ ಹೋಗಿದ್ದರೆ ಎಂದು ಊಹಿಸಿ ಬರೆದವರಿಗೆ, ಭೇಟಿಯಾದ ಕಥೆಯನ್ನು ಬರೆದವರಿಗಿಂತ ಹೆಚ್ಚು ತೃಪ್ತಿ ಸಿಕ್ಕಿತು. ಕೂಡುವುದಕ್ಕಿಂತ ಕಳೆಯುವುದು ಹೆಚ್ಚು ತೋರಿಸುತ್ತದೆ.

ಬರೆಯುವುದನ್ನು ಈಗ ವಾರಕ್ಕೊಮ್ಮೆಗೆ ಇಳಿಸಿದ್ದೇನೆ. ಬಲಗೈ ಮರಳಿದ ಮೇಲೆ ದಿನವೂ ಬರೆದಾಗ ಹಾಜರಿ ಪುಸ್ತಕದ ಚಾಳಿ ಮತ್ತೆ ತಲೆ ಎತ್ತಿತ್ತು. ಆ ಒಂದು ಸಾಲನ್ನು ಈಗಲೂ ಎಡಗೈಯಲ್ಲೇ ಬರೆಯುತ್ತೇನೆ.

ಒಂದು ಮಾತನ್ನು ಇಲ್ಲಿ ಹೇಳದೆ ಹೋಗಲಾರೆ. ಕೈ ಮುರಿದಾಗ ಹಲವರು 'ಕಾಲು ಮುರಿಯಲಿಲ್ಲವಲ್ಲ, ಅದಕ್ಕೆ ಸಂತೋಷಪಡಿ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇನ್ನೊಬ್ಬರ ಮುರಿದ ಕಾಲನ್ನು ನೋಡಿ ನನ್ನ ಮುರಿದ ಕೈಗೆ ಸಮಾಧಾನ ಹೇಳುವುದು ಹೋಲಿಕೆಯಾಗುತ್ತದೆ, ಅದರಲ್ಲಿ ಯಾರೂ ನನಗಾಗಿ ಏನೂ ಮಾಡಿರುವುದಿಲ್ಲ. ನೋವಿನಲ್ಲಿರುವವರಿಗೆ ನಾನು ಈ ಅಭ್ಯಾಸವನ್ನು ಹೇಳುವುದಿಲ್ಲ. ಅನ್ಯಾಯವಾದಾಗ ನನಗೆ ಇದನ್ನು ನಾನೂ ಹೇಳಿಕೊಳ್ಳುವುದಿಲ್ಲ. ಕಚೇರಿಯಲ್ಲಿ ನನ್ನ ಕೆಲಸಕ್ಕೆ ಬೇರೆಯವರ ಹೆಸರು ಬಿದ್ದಾಗ 'ಕೆಲಸವಾದರೂ ಇದೆಯಲ್ಲ' ಎಂದು ಬಾಯಿ ಮುಚ್ಚಿಕೊಂಡಿರಲಿಲ್ಲ, ಹೋಗಿ ಕೇಳಿದೆ. ಆ ವಾರದ ಪುಟ ಖಾಲಿ ಇದೆ. ಖಾಲಿ ಪುಟಗಳೂ ಪುಸ್ತಕದಲ್ಲಿ ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ.

ತಿಳಿದುಕೊಂಡದ್ದನ್ನು ಹೇಳುವುದು ಬರೆಯುವುದಕ್ಕಿಂತ ಕಷ್ಟವಾಗಿತ್ತು. 'ತುಂಬಾ ಉಪಕಾರವಾಯಿತು' ಎಂದು ಹೇಳಿ ಮುಗಿಸುವುದೇ ನನ್ನ ಅಭ್ಯಾಸ. ಈಗ ಮಾಡಿದ್ದನ್ನೇ ಹೆಸರಿಸಿ ಹೇಳುತ್ತೇನೆ. ಮಣಿಕಟ್ಟಿಗೆ ವ್ಯಾಯಾಮ ಹೇಳಿಕೊಟ್ಟವರಿಗೆ ಒಂದು ಪತ್ರ ಬರೆದೆ: 'ನನ್ನ ಕೈಯನ್ನು ತಿರುಗಿಸುವ ಮುಂಚೆ ಪ್ರತಿ ಸಲವೂ ನೀವು ನಿಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಿರಿ.' ಅತಿಯಾಯಿತೇನೋ ಎಂದು ಎರಡು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಕೊಟ್ಟಾಗ ಅವರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡು, 'ಅದು ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ' ಎಂದರು.

ಕೈ ವಾಸಿಯಾಗಿ ಎರಡು ವರ್ಷವಾಯಿತು. ಮಗ ನನಗಿಂತ ಎತ್ತರ ಬೆಳೆದಿದ್ದಾನೆ. ನನ್ನ ಬಾಟಲಿಯ ಮುಚ್ಚಳವನ್ನು ಈಗಲೂ ರಾತ್ರಿ ಅರ್ಧ ಸುತ್ತು ಸಡಿಲ ಮಾಡಿಯೇ ಇಡುತ್ತಾನೆ, ಬಹುಶಃ ತಾನು ಹಾಗೆ ಮಾಡುತ್ತಿರುವುದು ಅವನಿಗೇ ಮರೆತಿದೆ. ಮೊನ್ನೆ ಬಿಗಿ ಮಾಡಲು ಮರೆತು ಹೊರಟಿದ್ದೆ, ಚೀಲದಲ್ಲಿ ನೀರು ಸೋರಿ ಈ ಪುಸ್ತಕದ ಅಂಚು ತೋಯ್ದಿತು. ಒರೆಸಿ, ಪುಟಗಳನ್ನು ಬಿಡಿಸಿ ಬಿಸಿಲಿಗೆ ಇಟ್ಟೆ. ಮುಚ್ಚಳವನ್ನು ಸಡಿಲ ಮಾಡುವುದು ಬೇಡವೆಂದು ಅವನಿಗೆ ಇನ್ನೂ ಹೇಳಿಲ್ಲ.