ಜಗುಲಿ ಮೇಲೆ ಹವಾಮಾನದ ಜಗಳ ಬಂದ್ರೆ ಹೇಗೆ ಮಾತಾಡೋದು

ಹೋದ ಮಳೆಗಾಲ ಶಿರಸಿ ಹತ್ರ ಸೋದರಮಾವನ ಮನೆ ಜಗುಲಿ ಮೇಲೆ ಕೂತು ಕವಳ ಹಾಕ್ತಾ ಇದ್ವಿ. ಮಳೆ ನಾಲ್ಕು ದಿನದಿಂದ ಬಿಟ್ಟಿರ್ಲಿಲ್ಲ, ಅಡಿಕೆಗೆ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಯೋಕೆ ಬಂದ, ಮರ ಹತ್ತೋ ಕೊನೆಗೌಡ ಮಧ್ಯಾಹ್ನದ ತನಕ ಕಾದು ವಾಪಸ್ ಹೋಗಿದ್ದ, ಕೊಳೆ ರೋಗ ಬಂದೇ ಬರ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ತಲೆಬಿಸಿ. ನಾನು ಹವಾಮಾನ ಬದಲಾವಣೆ ಅಂತ ಬಾಯಿ ತೆಗೆದೆ ಅಷ್ಟೇ. "ಎಂತದೂ ಬದಲಾಜಿಲ್ಲೆ ತಮಾ, ಅದೆಲ್ಲ ನಮ್ಮ ಬೆಟ್ಟ ಹೊಡಿಯಲೆ ಕಟ್ಟಿದ ಕತೆ" ಅಂದ ಮಾವ. ನಾನು ಸುಮ್ನಿರ್ದೆ ಇಂಗಾಲದ ಲೆಕ್ಕ ಎಲ್ಲ ಹೇಳೋಕೆ ಹೋದೆ, ಅವನು ಇನ್ನೂ ಬಿಸಿ ಆದ, ಅತ್ತೆ ಊಟಕ್ಕೆ ಕರೆದ ಮೇಲೇ ಅದು ನಿಂತಿದ್ದು.

ರಾತ್ರಿ ಮಲಗಿದಾಗ ಹೊಳೀತು, ಮಾವ ಹೇಳಿದ್ದರಲ್ಲಿ ಎರಡು ಮಾತಿದ್ವು. ಒಂದು ಮಳೆ ಬಗ್ಗೆ, ಇನ್ನೊಂದು ಬೆಟ್ಟದ ಬಗ್ಗೆ. ಅವನ ಹೊಟ್ಟೆ ಉರೀತಾ ಇದ್ದದ್ದು ಎರಡನೇದಕ್ಕೆ, ನಾನು ಉತ್ತರ ಕೊಟ್ಟಿದ್ದು ಮೊದಲನೇದಕ್ಕೆ.

ಹಾಗಾಗಿ ಮೊದಲು ಮಾಡಬೇಕಾದ್ದು ಗಂಟು ಬಿಡಿಸೋದು. ಭೂಮಿ ಬಿಸಿ ಆಗ್ತಾ ಇದೆಯಾ, ಯಾಕೆ ಆಗ್ತಾ ಇದೆ, ಅದಕ್ಕೆ ಏನು ಮಾಡಬೇಕು ಮತ್ತೆ ಯಾರ ಖರ್ಚಲ್ಲಿ, ಇವು ಮೂರು ಬೇರೆ ಬೇರೆ ಪ್ರಶ್ನೆ. ಮೊದಲಿನ ಎರಡಕ್ಕೆ ಅಳತೆ ಇದೆ, ಯಾವ ಪಕ್ಷದವರು ಅಳೆದ್ರೂ ಒಂದೇ ಉತ್ತರ. ಮೂರನೇದು ರಾಜಕೀಯ, ಅಲ್ಲಿ ಮಾವನಿಗೂ ನಿಮಗೂ ವಿಜ್ಞಾನಿಗೂ ಒಂದೊಂದೇ ಓಟು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತು ಮೂರನೇದರಿಂದ ಶುರು ಮಾಡಿ ಅಂತ ನಾನು ಹೇಳೋದು. ಪಶ್ಚಿಮಘಟ್ಟ ಉಳಿಸೋದರ ಬಗ್ಗೆ 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ, ಆಮೇಲೆ ಒಂದರ ಹಿಂದೆ ಒಂದು ಕರಡು ಅಧಿಸೂಚನೆ, 2024ರ ಜುಲೈ 31ರದ್ದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಬಂದಿತ್ತು. ಸೊಪ್ಪಿನ ಬೆಟ್ಟ ನಂಬಿ ತೋಟ ಮಾಡಿದವರಿಗೆ ಇದನ್ನ ಕೇಳಿದ್ರೆ ಎದೆ ಧಸಕ್ ಅನ್ನೋದು ಸಹಜ, ಆ ಹೆದರಿಕೆಯನ್ನ ಪೂರ್ತಿ ಕೇಳಿಸ್ಕೊಳ್ಳಿ, ಮಧ್ಯ ಬಾಯಿ ಹಾಕ್ಬೇಡಿ. ಕೇಳಿದ ಮೇಲೆ ಒಂದು ವಿಷಯ ಮಾತ್ರ ಮೆತ್ತಗೆ ಹೇಳಿ. ಆ ವರದಿಗಳು ಪಶ್ಚಿಮಘಟ್ಟದ ಕಾಡು, ಜೀವಜಾಲದ ಬಗ್ಗೆ ಇರೋವು, ಅವನ್ನ ಒಪ್ಪದೇ ಇದ್ರೂ ಭೂಮಿ ಬಿಸಿ ಆಗೋದನ್ನ ಒಪ್ಪಬಹುದು. ಮಾವ ಇದಕ್ಕೆ ಸ್ವಲ್ಪ ಹೊತ್ತು ಸುಮ್ಮನಾಗಿದ್ದ.

ಆಮೇಲೆ ಅವರದ್ದೇ ಲೆಕ್ಕ ಕೇಳಿ. ನಮ್ಮ ಕಡೆ ಮಳೆ ಅಳೆದು ಬರೆದಿಡೋರು ಊರಿಗೊಬ್ಬರಾದ್ರೂ ಸಿಗ್ತಾರೆ. ಮಾವನ ಕಪಾಟಿನಲ್ಲಿ ಹಳೇ ಡೈರಿಗಳ ಸಾಲೇ ಇದೆ, ಮೊದಲಿನವು ಇಂಚಲ್ಲಿ, ಆಮೇಲಿನವು ಮಿಲಿಮೀಟರಲ್ಲಿ, ಒಂದರ ಪುಟಕ್ಕೆ ಅಡಿಕೆ ಚೊಗರು ಬಿದ್ದು ಕಂದು ಕಲೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಕೊಳೆ ಶುರು" ಅಂತ. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ತಿರುವಿ ಹಾಕಿದ್ವಿ. ಹಳೇ ಜುಲೈಗಳಲ್ಲಿ ದಿನಾ ಒಂದೊಂದು ಅಂಕಿ, ಈಚಿನವುಗಳಲ್ಲಿ ಸೊನ್ನೆ ಸೊನ್ನೆ ಸೊನ್ನೆ ಅಂತ ಹೋಗಿ ಒಮ್ಮೆಲೇ ಹೊಡೆತ. ಬೆರಳಿಟ್ಟು ತೋರಿಸಿದ್ದು ಮಾವನೇ. ಆದ್ರೆ ಇಲ್ಲಿ ಪ್ರಾಮಾಣಿಕವಾಗಿರಿ, ಒಂದು ಮನೆ ಡೈರಿಯಿಂದ ಇಡೀ ಭೂಮಿಯ ವಿಷಯ ಸಾಬೀತಾಗೋದಿಲ್ಲ, ಒಂದು ಜೋರು ಮಳೆಯಿಂದಂತೂ ಇಲ್ವೇ ಇಲ್ಲ. ಮಾತು ಜಗಳದಿಂದ ಅಳತೆ ಕಡೆ ತಿರುಗ್ತದೆ, ಅಷ್ಟು ಸಾಕು.

ಅಳತೆ ಅಂದಮೇಲೆ ನಾಲ್ಕಾರು ವಿಷಯ ಬಾಯಲ್ಲಿರಲಿ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಕೀಲಿಂಗ್ ಅನ್ನೋರು ಅಳೆಯೋಕೆ ಶುರು ಮಾಡಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ, ಕಾರ್ಖಾನೆಗಳು ಬರೋ ಮೊದಲು 280ರ ಹತ್ರ ಇತ್ತು. ಇದು ಮೊನ್ನೆ ಮೊನ್ನೆ ಕಟ್ಟಿದ ಕತೆ ಅನ್ನೋರಿಗೆ ಹೇಳಿ, ಈ ಅನಿಲ ಶಾಖವನ್ನ ಹಿಡಿದಿಡ್ತದೆ ಅಂತ ಟಿಂಡಾಲ್ ಪ್ರಯೋಗ ಮಾಡಿ ನೋಡಿದ್ದು 1859ರಲ್ಲಿ, ಅದು ಹೆಚ್ಚಾದ್ರೆ ಭೂಮಿ ಎಷ್ಟು ಬಿಸಿ ಆಗ್ತದೆ ಅಂತ ಅರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ, ಆಗ ನಮ್ಮ ಜಿಲ್ಲೆ ಇನ್ನೂ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ವಿಶ್ವಸಂಸ್ಥೆ ಹುಟ್ಟೇ ಇರ್ಲಿಲ್ಲ. ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು, ಸುರಿಯೋವಾಗ ಒಟ್ಟಿಗೆ ಸುರೀತದೆ. ಡೈರಿಯ ಸೊನ್ನೆಗಳ ಎದುರು ಕೂತು ಹೇಳಿದ್ರೆ ಈ ಮಾತು ಬೇಗ ತಾಗ್ತದೆ.

"ಸೂರ್ಯನಿಂದ ಆಗಿರಬಹುದಲ್ಲ?" ಅಂತ ಕೇಳೇ ಕೇಳ್ತಾರೆ. ಒಳ್ಳೇ ಪ್ರಶ್ನೆ, ತಳ್ಳಿಹಾಕ್ಬೇಡಿ. ಸೂರ್ಯನೇ ಹೆಚ್ಚು ಕಾಯ್ತಾ ಇದ್ರೆ ವಾತಾವರಣ ಮೇಲಿಂದ ಕೆಳಗಿನ ತನಕ ಪೂರ್ತಿ ಬಿಸಿ ಆಗಬೇಕಿತ್ತು. ಆಗ್ತಾ ಇರೋದು ಬೇರೆ, ಕೆಳಗೆ ಬಿಸಿ, ತುಂಬಾ ಮೇಲಿನ ಪದರದಲ್ಲಿ ತಂಪು. ದಪ್ಪ ಕಂಬಳಿ ಹೊದ್ದವನ ಮೈ ಬೆಚ್ಚಗಿದ್ದು ಕಂಬಳಿಯ ಹೊರಮೈ ತಣ್ಣಗಿರ್ತದಲ್ಲ, ಹೆಚ್ಚುಕಮ್ಮಿ ಹಾಗೆ. "ಹವೆ ಮೊದಲಿಂದಲೂ ಬದಲಾಗ್ತಾನೇ ಇತ್ತು" ಅಂದ್ರೆ ಹೌದು ಅನ್ನಿ, ಮೊದಲು ಸಾವಿರಾರು ವರ್ಷದಲ್ಲಿ ಆಗ್ತಿದ್ದದ್ದು ಈಗ ನೂರೈವತ್ತು ವರ್ಷದಲ್ಲಿ ಆಗ್ತಾ ಇದೆ ಅನ್ನೋದನ್ನೂ ಸೇರಿಸಿ.

ವಿಜ್ಞಾನಿಗಳಲ್ಲೂ ಜಗಳ ಇದೆ, ಅದನ್ನ ಮುಚ್ಚಿಡ್ಬೇಡಿ. ಗಾಳಿಯಲ್ಲಿ ಇಂಗಾಲ ಎರಡು ಪಟ್ಟಾದ್ರೆ ಎಷ್ಟು ಬಿಸಿ ಅನ್ನೋದಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ಉತ್ತರ ಎರಡೂವರೆಯಿಂದ ನಾಲ್ಕು ಡಿಗ್ರಿ, ನಡುವಿನ ಅಂದಾಜು ಮೂರು. ಅಷ್ಟು ಅಂತರ ಇದೆ. ಆದ್ರೆ ಜಗಳ ಎಷ್ಟು ಅನ್ನೋದಕ್ಕೆ, ಹೌದೋ ಅಲ್ಲವೋ ಅನ್ನೋದಕ್ಕಲ್ಲ. ಮನುಷ್ಯರಿಂದಲೇ ಬಿಸಿ ಆಗಿದೆ ಅನ್ನೋದರಲ್ಲಿ ಸಂಶಯ ಇಲ್ಲ ಅಂತ ಅದೇ ವರದಿ ನೇರ ಹೇಳಿದೆ.

ಇನ್ನು ಅಮೆರಿಕದ ಮಾತು ಬರ್ತದೆ. "ಹೊಗೆ ಬಿಟ್ಟವರು ಅವರು, ಬುದ್ಧಿ ಹೇಳೋದು ನಮಗೆ" ಅಂತ. ಇಲ್ಲಿ ಮಾವ ಹೇಳಿದ್ದು ಸರಿ, ಸರಿ ಅಂತ ಬಾಯಿಬಿಟ್ಟು ಒಪ್ಪಿ. ಇಲ್ಲಿಯ ತನಕ ಕಲ್ಲಿದ್ದಲು, ಎಣ್ಣೆ ಸುಟ್ಟು ಬಿಟ್ಟ ಇಂಗಾಲದಲ್ಲಿ ಹೆಚ್ಚುಕಮ್ಮಿ ಕಾಲು ಪಾಲು ಅಮೆರಿಕ ಒಂದರದ್ದೇ. ತಲೆ ಲೆಕ್ಕದಲ್ಲಿ ಭಾರತದ್ದು ವರ್ಷಕ್ಕೆ ಎರಡು ಟನ್ ಆಸುಪಾಸು, ಅವರದ್ದು ಅದರ ಆರೇಳು ಪಟ್ಟು. 1992ರ ರಿಯೋ ಒಪ್ಪಂದದಲ್ಲೇ ಜವಾಬ್ದಾರಿ ಎಲ್ಲರದ್ದೂ ಹೌದು ಆದ್ರೆ ಒಂದೇ ಸಮ ಅಲ್ಲ ಅಂತ ಬರೆದಿದ್ದಾರೆ, ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ 2070ಕ್ಕೆ ಇಂಗಾಲದ ನಿವ್ವಳ ಲೆಕ್ಕ ಸೊನ್ನೆ ಮಾಡೋ ಗುರಿ ಹೇಳಿದ್ದೂ ಇದೇ ನ್ಯಾಯದ ಮೇಲೆ. ಅನ್ಯಾಯ ಆಗಿದೆ ಅನ್ನೋದು ಬೇರೆ, ಬಿಸಿ ಆಗ್ತಾ ಇಲ್ಲ ಅನ್ನೋದು ಬೇರೆ. ಬಿಸಿಯೇ ಆಗದಿದ್ರೆ ಅನ್ಯಾಯ ಎಲ್ಲಿಂದ ಬಂತು ಅಂತ ಕೇಳಿ ನೋಡಿ.

ಕರಾವಳಿಯಲ್ಲಿ ಮಾತಾಡೋವಾಗ ಇನ್ನೂ ಹುಷಾರಾಗಿರಬೇಕು, ಅಂಕೋಲಾ ಕಡೆ ಮೀನು ಮಾರ್ಕೆಟ್ ಹತ್ರ ಟೀ ಕುಡೀತಾ ಈ ವಿಷಯ ತೆಗೆದ್ರೆ ಶಿರೂರು ಬರದೇ ಇರೋದಿಲ್ಲ. 2024ರ ಜುಲೈ 16ರಂದು ಹೆದ್ದಾರಿ ಮೇಲೆ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಹೋದದ್ದು, ಸಪ್ಟೆಂಬರ್‌ನಲ್ಲಿ ಲಾರಿ ಮೇಲೆತ್ತಿದ್ದು ಎಲ್ಲರ ಕಣ್ಣಲ್ಲಿದೆ. ಅಲ್ಲಿ ಹೋಗಿ ಇದು ಹವಾಮಾನ ಬದಲಾವಣೆ ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ಜನ ಸಿಟ್ಟಾಗ್ತಾರೆ, ಆಗಬೇಕು ಕೂಡ, ರಸ್ತೆಗಾಗಿ ಗುಡ್ಡವನ್ನ ನೆಟ್ಟಗೆ ಕಡಿದದ್ದನ್ನ ಅವರು ಕಣ್ಣಾರೆ ನೋಡಿದ್ದಾರೆ. ಮಳೆಯೂ ಜೋರಿತ್ತು, ಗುಡ್ಡವನ್ನೂ ಕಡಿದಿದ್ರು, ಎರಡನ್ನೂ ಹೇಳಿ. ಹವೆ ಮೇಲೆ ತಪ್ಪು ಹಾಕಿ ಕೈ ತೊಳ್ಕೊಳ್ಳೋಕೆ ಯಾರಿಗೂ ದಾರಿ ಮಾಡಿಕೊಡ್ಬೇಡಿ. ಜೋರು ಮಳೆ ಹೆಚ್ಚಾಗೋ ಕಾಲದಲ್ಲಿ ಗುಡ್ಡ ಕಡಿಯೋದಕ್ಕೆ ಇನ್ನೂ ಹೆಚ್ಚು ಲೆಕ್ಕ ಕೇಳಬೇಕು.

ತದಡಿಯಲ್ಲಿ 4000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಬೇಡ ಅಂತ ಅಘನಾಶಿನಿ ಹೊಳೆ ಕಡೆಯವರು ಎದ್ದು ನಿಂತದ್ದು ಮೀನು, ಬಳಚು ಅನ್ನೋ ಚಿಪ್ಪುಮೀನು, ಉಪ್ಪುನೀರಿನ ಗಜನಿ ಗದ್ದೆ ಉಳೀಲಿ ಅಂತ. ಅವರಲ್ಲಿ ಎಷ್ಟೋ ಜನ ಇಂಗಾಲದ ಹೆಸರೇ ಎತ್ತಿರ್ಲಿಕ್ಕಿಲ್ಲ, ಆದ್ರೂ ಕೆಲಸ ಅದೇ ಆಯ್ತಲ್ಲ. ಹಾಗೇ ಕೈಗಾ ಅಣು ವಿದ್ಯುತ್ ಸ್ಥಾವರ ಹೊಗೆ ಬಿಡೋದಿಲ್ಲ, ಆದ್ರೆ ಬೇಡ ಅನ್ನೋರಿಗೆ ಅವರದ್ದೇ ಕಾರಣ ಇದೆ. ಇಂಥಲ್ಲಿ ವಿಜ್ಞಾನ ಗೊತ್ತಿದೆ ಅಂತ ತೀರ್ಪು ಕೊಡೋಕೆ ಹೋಗ್ಬೇಡಿ.

ಮದುವೆ ಮನೆ ಪಂಕ್ತಿಯಲ್ಲಿ, ಹತ್ತು ಜನರ ಎದುರು ಹಿರಿಯರನ್ನ ಸೋಲಿಸೋಕೆ ನೋಡ್ಲೇಬೇಡಿ, ಸೋತವರು ಆ ಮಾತನ್ನ ಮತ್ತೆ ತೆಗೆಯೋದಿಲ್ಲ. ವಾಟ್ಸಾಪಲ್ಲಿ ಬಂದದ್ದನ್ನ ತೋರಿಸಿದ್ರೆ ನಗ್ಬೇಡಿ, ಯಾವ ವರ್ಷದ್ದು, ಯಾರು ಅಳೆದದ್ದು ಅಂತ ಇಬ್ಬರೂ ಕೂಡಿ ಹುಡುಕಿ.

ಮಳೆಮಾಪಕ ಇಲ್ಲದಿದ್ರೆ ಒಂದು ತಂದಿಡಿ, ಮರದ ಹನಿ, ಮಾಡಿನ ನೀರು ಬೀಳದ ಹಾಗೆ ಅಂಗಳದ ಮಧ್ಯ. ದಿನಾ ಬೆಳಿಗ್ಗೆ ಎಂಟೂವರೆಗೇ ನೋಡಿ ಬರೀರಿ, ಹವಾಮಾನ ಇಲಾಖೆಯವರು ಇಪ್ಪತ್ನಾಲ್ಕು ಗಂಟೆ ಮಳೆ ಲೆಕ್ಕ ತೆಗೆಯೋದೂ ಅದೇ ಹೊತ್ತಿಗೆ, ಹೋಲಿಸಿ ನೋಡೋಕೆ ಬರ್ತದೆ. ಮಾವನಿಗೆ ಈಗ ಅಂಗಳ ಇಳಿಯೋಕೆ ಮಂಡಿ ನೋವು, ಈ ಜೂನಿಂದ ಬರೆಯೋದು ಮೊಮ್ಮಗಳು, ಅವಳು ಕೂಗಿ ಹೇಳ್ತಾಳೆ, ಮಾವ ಜಗುಲಿಯಿಂದಲೇ "ಸರಿ ನೋಡಿದ್ಯ ಕೂಸೇ" ಅಂತ ಎರಡು ಸಲ ಕೇಳ್ತಾನೆ.