ಹಸಿ ಕಸಕ್ಕೆ ಮೊದಲು ತರಗೆಲೆ ಕೂಡಿಡಿ

ಗ್ರಾಮ ಪಂಚಾಯಿತಿಗೆ ಹಸಿ ಕಸ ಹೆಚ್ಚಾಗಿ ತೋಟದ ಮನೆಗಳಿಂದ ಬರುವುದಿಲ್ಲ. ಹಟ್ಟಿ, ತೋಟ ಇರುವವರು ಅದನ್ನು ದನಕ್ಕೋ ತೆಂಗಿನ ಬುಡಕ್ಕೋ ಹಾಕುತ್ತಾರೆ. ಬರುವುದು ಹೋಟೆಲು, ಕಲ್ಯಾಣ ಮಂಟಪ, ಸಂತೆ, ಪೇಟೆಯ ಬಾಡಿಗೆ ಮನೆಗಳಿಂದ. ಕರಾವಳಿಯ ನಮ್ಮ ಸ್ವಚ್ಛ ಸಂಕೀರ್ಣದಲ್ಲಿ, ಅಂದರೆ ಪಂಚಾಯಿತಿಯ ಕಸ ವಿಲೇವಾರಿ ಘಟಕದಲ್ಲಿ, ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟದ ಮಹಿಳೆಯರು ದಿನಕ್ಕೆ ಸುಮಾರು 150 ಕೆ.ಜಿ. ಹಸಿ ಕಸವನ್ನು ಗೊಬ್ಬರ ಮಾಡುತ್ತಾರೆ. ಕೆಳಗಿನ ಲೆಕ್ಕವೆಲ್ಲ ಅದಕ್ಕೆ ಹೊಂದುವಂಥದ್ದು.

ಗೊಬ್ಬರ ಘಟಕ ಎಂದರೆ ಎಲ್ಲರೂ ಮೊದಲು ಯಂತ್ರದ ಬೆಲೆ ವಿಚಾರಿಸುತ್ತಾರೆ. ವಿಚಾರಿಸಬೇಕಾದದ್ದು ತರಗೆಲೆಯನ್ನು. ಅಡುಗೆಮನೆ ಕಸದಲ್ಲಿ ನೀರು ಮುಕ್ಕಾಲು ಪಾಲಿಗೂ ಹೆಚ್ಚು, ಸಾರಜನಕವೂ ಜಾಸ್ತಿ. ಅದೊಂದನ್ನೇ ರಾಶಿ ಹಾಕಿದರೆ ಗಾಳಿಯಾಡದೆ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಲಶಾಲಿ. ಕಸವನ್ನು ಊರಾಚೆ ಗುಂಡಿಗೆ ಸುರಿಯುವುದಕ್ಕೂ ಶೆಡ್ಡಿನೊಳಗೆ ಕೊಳೆಸುವುದಕ್ಕೂ ಆಗ ವ್ಯತ್ಯಾಸವೇ ಇಲ್ಲ.

ಅದು ತಪ್ಪಬೇಕಾದರೆ ತೂಕದಲ್ಲಿ 3 ಪಾಲು ಹಸಿ ಕಸಕ್ಕೆ 1 ಪಾಲು ಒಣ ಎಲೆ ಬೇಕು. 150 ಕೆ.ಜಿ.ಗೆ ದಿನಕ್ಕೆ 50 ಕೆ.ಜಿ.; ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 6 ಟನ್. ಮಳೆ ಹಿಡಿದ ಮೇಲೆ ಒಣ ಎಲೆ ಎಲ್ಲಿಯೂ ಸಿಗದು. ಆದ್ದರಿಂದ ಜನವರಿಯಿಂದ ಏಪ್ರಿಲ್‌ವರೆಗೆ ರಸ್ತೆಬದಿ, ಶಾಲೆ, ದೇವಸ್ಥಾನಗಳ ಅಂಗಳದ ಎಲೆ ಸಂಗ್ರಹಿಸಿ ಪುಡಿ ಮಾಡಿ ತುಂಬಿಡಬೇಕು. 50 ಕೆ.ಜಿ. ರಸಗೊಬ್ಬರದ ಖಾಲಿ ಚೀಲದಲ್ಲಿ ಪುಡಿ ಎಲೆ ಸುಮಾರು 10 ಕೆ.ಜಿ. ಹಿಡಿಯುತ್ತದೆ. ಅಂದರೆ 600 ಚೀಲ, ಅಷ್ಟನ್ನೂ ಅಟ್ಟಳಿಗೆಯ ಮೇಲೆ ನೆನೆಯದಂತೆ ಇಡುವ ಜಾಗ. ಪುಡಿ ಮಾಡದೆ ಇಟ್ಟರೆ ಮೂರು ಪಟ್ಟು ಜಾಗ ಬೇಕು. ಇದೇ ಎಲೆಯನ್ನು ಬೇಸಿಗೆಯಲ್ಲಿ ಗುಡಿಸಿ ಬೆಂಕಿ ಕೊಡುವ ರೂಢಿ ಊರೂರಲ್ಲಿದೆ. ಆ ಹೊಗೆಯೂ ತಪ್ಪುತ್ತದೆ.

ರಾಶಿ ಹಾಕುವಾಗ ಕೆಳಗೆ ಒಂದಡಿ ತೆಂಗಿನ ಮಡಲಿನ ತುಂಡು, ಅಡಿಕೆ ಸಿಪ್ಪೆ. ಗಾಳಿ ಒಳಹೋಗುವುದು ಅಲ್ಲಿಂದ. ಅದರ ಮೇಲೆ ಎಲೆ, ಕಸ, ಎಲೆ ಎಂದು ಪದರ. ಪ್ರತಿ ಪದರಕ್ಕೆ ಒಂದೆರಡು ಬುಟ್ಟಿ ಹಳೆಯ ಗೊಬ್ಬರ ಅಥವಾ ಒಂದಿಷ್ಟು ಸಗಣಿ ನೀರು ಸಾಕು, ಪೊಟ್ಟಣದ ಪುಡಿಗಳಿಗೆ ಹಣ ಸುರಿಯುವುದು ವ್ಯರ್ಥ. ಎತ್ತರ ಮೂರಡಿಗಿಂತ ಕಡಿಮೆಯಾದರೆ ಕಾವು ನಿಲ್ಲದು, ಐದಡಿ ದಾಟಿದರೆ ಬುಡ ಅಮುಕಿ ಗಾಳಿ ಕಟ್ಟುತ್ತದೆ. ಕಲ್ಯಾಣ ಮಂಟಪದ ಬಾಳೆಲೆಯನ್ನು ಹಾಗೇ ಹಾಕಿದರೆ ಒಂದರ ಮೇಲೊಂದು ಅಂಟಿ ಪ್ಲಾಸ್ಟಿಕ್ ಹಾಳೆಯಂತೆ ಗಾಳಿ ತಡೆಯುತ್ತದೆ, ನಾಲ್ಕಿಂಚು ತುಂಡು ಮಾಡಿ. ಸಾಂಬಾರು, ಪಾಯಸದ ನೀರನ್ನು ಮಂಟಪದಲ್ಲೇ ಬಸಿದು ಕಳಿಸಲಿ. ಕೋಳಿ ಅಂಗಡಿಯ ತ್ಯಾಜ್ಯ ಈ ರಾಶಿಗೆ ಬೇಡವೇ ಬೇಡ.

ಎರಡು ಮೂರು ದಿನಕ್ಕೆ ಒಳಗಿನ ಕಾವು 55–65 ಡಿಗ್ರಿ ಮುಟ್ಟಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ಹತ್ತು ನಿಮಿಷ ಚುಚ್ಚಿಡಿ: ಹೊರತೆಗೆದಾಗ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸರಿ. 70 ದಾಟಿದರೆ ಮಗುಚಿ, ಒಣಗಿದ್ದರೆ ನೀರು ಚಿಮುಕಿಸಿ. ಆಮೇಲೆ ವಾರಕ್ಕೊಮ್ಮೆ, ಹೊರಗಿನದು ಒಳಗೆ ಹೋಗುವಂತೆ ಮಗುಚಬೇಕು. ತೇವ ನೋಡಲು ಒಂದು ಹಿಡಿ ಹಿಂಡಿ. ಒಂದೆರಡು ಹನಿ ಜಿನುಗಿದರೆ ಹದ, ಧಾರೆ ಬಂದರೆ ಎಲೆ ಸೇರಿಸಿ.

ವಾಸನೆ ನಿಮಗೆ ರೋಗ ತಿಳಿಸುತ್ತದೆ. ಮೂಗು ಚುಚ್ಚುವ ಅಮೋನಿಯಾ ಬಂದರೆ ಎಲೆ ಸಾಲದು. ಕೊಳೆತ ಮೊಟ್ಟೆಯಂತಿದ್ದರೆ ಗಾಳಿ ಇಲ್ಲ, ಅಂದೇ ಮಗುಚಬೇಕು. ದಪ್ಪ ಬೂದು ಹುಳ ಕಂಡು ಔಷಧಿ ಹೊಡೆಯುವವರಿದ್ದಾರೆ. ಅವು ಹೆಚ್ಚಾಗಿ ಕಪ್ಪು ಸೈನಿಕ ನೊಣದ ಮರಿಗಳು, ಕಸ ತಿಂದು ಕರಗಿಸುತ್ತವೆ, ಬಿಡಿ.

ನಲವತ್ತೈದು ದಿನದ ಹೊತ್ತಿಗೆ ಕಾವು ಇಳಿಯುತ್ತದೆ. ಇನ್ನೂ ಹದಿನೈದು ದಿನ ನೆರಳಲ್ಲಿ ಹಣ್ಣಾಗಲು ಬಿಟ್ಟು, 4 ಮಿ.ಮೀ. ಜರಡಿ ಹಿಡಿಯಬೇಕು, ಮಾರುವ ಗೊಬ್ಬರಕ್ಕೆ ಆ ಅಳತೆಯೇ ಮಾನದಂಡ. 100 ಕೆ.ಜಿ. ಹಸಿ ಕಸಕ್ಕೆ 20–25 ಕೆ.ಜಿ. ಸಿಗುತ್ತದೆ. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ರಬ್ಬರ್ ಬ್ಯಾಂಡು ಜರಡಿಯ ಮೇಲೆ ಉಳಿಯುತ್ತವೆ, ಕೈಯಲ್ಲಿ ಆರಿಸಿ. ಅದೇ ಜರಡಿಯಲ್ಲಿ ಉಳಿದ ದಪ್ಪ ನಾರು, ಮಡಲಿನ ತುಂಡುಗಳನ್ನು ಮುಂದಿನ ರಾಶಿಯ ಬುಡಕ್ಕೆ ಹಾಕಿ, ಹೆಪ್ಪಿನಂತೆ ಕೆಲಸ ಮಾಡುತ್ತವೆ.